ಎಕ್ಸ್‌ರೇ ಸರಿ ಇದೆ, ಮಂಡಿ ಸರಿ ಇಲ್ಲ!

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಫುಟ್‌ಬೋರ್ಡಿನಿಂದ ನೆಗೆಯುವ ಶೂರರಿಗೆ ಯಾವ ಊರಲ್ಲೂ ಬರವಿಲ್ಲ. ಹಾಗೆ ನೆಗೆದಾಗ ಪಾದ ನೆಲಕ್ಕೆ ಊರಿ, ಮೈ ಮಾತ್ರ ಗಿರಕ್ಕನೆ ತಿರುಗಿತೆನ್ನಿ. ಮಂಡಿಯೊಳಗೆ ‘ಟಪ್’ ಅಂತ ಸದ್ದು. ಮನೆ ಸೇರುವಷ್ಟರಲ್ಲಿ ಮಂಡಿ ಊದಿ ತೆಂಗಿನಕಾಯಿ! ಅಜ್ಜಿ ಎಣ್ಣೆ ಕಾಯಿಸಿ ನೀವುತ್ತಾಳೆ. ಮರುದಿನ ಎಕ್ಸ್‌ರೇ. ‘ಮೂಳೆ ಮುರಿದಿಲ್ಲ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆಸಾಮಿ ಕುಂಟಿಕೊಂಡೇ ಹೋಗಿ ಅಂಗಡಿ ಬಾಗಿಲು ತೆಗೀತಾನೆ.

ಎಡವಟ್ಟಾಗುವುದು ಇಲ್ಲೇ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಮೂಳೆಗೆ ಮೂಳೆಯನ್ನು ಬಿಗಿದು ಹಿಡಿದಿರುವ ಲಿಗಮೆಂಟ್ ಎಂಬ ನಾರಿನ ಪಟ್ಟಿ ಅದರಲ್ಲಿ ಕಾಣೋದಿಲ್ಲ. ಆ ಪಟ್ಟಿ ಬರೀ ಜಗ್ಗಿರಬಹುದು, ಅರ್ಧ ಹರಿದಿರಬಹುದು, ಪೂರ್ತಿ ಕಿತ್ತೇ ಹೋಗಿರಬಹುದು. ಮೂರಕ್ಕೂ ಜನ ಇಟ್ಟ ಹೆಸರು ಒಂದೇ: ಉಳುಕು! ಪೂರ್ತಿ ಹರಿದದ್ದು ಕೆಲವೊಮ್ಮೆ ಅರ್ಧ ಹರಿದದ್ದಕ್ಕಿಂತ ಕಡಿಮೆ ನೋಯುತ್ತೆ ಎನ್ನುವುದು ಇನ್ನೊಂದು ವಿಚಿತ್ರ.

ಹಾಗಾದರೆ ಪತ್ತೆ ಹೇಗೆ? ಡಾಕ್ಟರ ಕೈಯೇ ಮೊದಲ ಯಂತ್ರ. ಮಂಡಿಯನ್ನು 20-30 ಡಿಗ್ರಿ ಮಡಿಸಿ, ಒಂದು ಕೈಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕೆಳಗಿನ ಮೂಳೆಯನ್ನು ಮುಂದಕ್ಕೆಳೆದು ನೋಡುತ್ತಾರೆ. ಅಮೆರಿಕದ ಜೋಸೆಫ್ ಟಾರ್ಗ್ 1976ರಲ್ಲಿ ತಮ್ಮ ಗುರು ಲ್ಯಾಕ್‌ಮನ್ ಹೆಸರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಒಳ್ಳೇ ಕಾಲಿಗಿಂತ ಸಡಿಲವಾಗಿ ಮೂಳೆ ಮುಂದೆ ಬಂದರೆ ಒಳಗಿನ ಲಿಗಮೆಂಟ್ ಹರಿದಿರುವ ಅನುಮಾನ. ಖಾತ್ರಿಗೆ ಎಂಆರ್‌ಐ.

ಮಂಡಿ ತಿರುಚಿದ ಕೆಲವೇ ಗಂಟೆಯಲ್ಲಿ ಊದಿದರೆ ಒಳಗೆ ರಕ್ತ ಸೋರಿರುವ ಶಂಕೆ. ಅಂಥ ಹೊತ್ತಲ್ಲಿ ಬಿಸಿ ಎಣ್ಣೆ, ನೀವುವುದು ಎರಡೂ ಬೇಡ, ಊತ ಹೆಚ್ಚುತ್ತೆ. ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ, ಕಾಲು ದಿಂಬಿನ ಮೇಲೆ. ನೋವು ಇಳಿದ ಮೇಲೂ ಮೆಟ್ಟಿಲಿಳಿಯುವಾಗ, ತಟ್ಟನೆ ತಿರುಗುವಾಗ ಮಂಡಿ ಕೈಕೊಡುತ್ತಿದ್ದರೆ ತಡ ಮಾಡುವ ಹಾಗಿಲ್ಲ. ಮೂಟೆ ಹೊತ್ತು ಏಣಿ ಇಳಿಯುವವನ ಗತಿ ಏನು? ಹೀಗೇ ಪದೇ ಪದೇ ಜಾರಿದರೆ ಮಂಡಿಯೊಳಗಿನ ಮೆತ್ತೆಯೂ ಹರಿಯುವ ಭಯ.

ಆಪರೇಷನ್ ಎಲ್ಲರಿಗೂ ಬೇಕಿಲ್ಲ. ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮದಲ್ಲೇ ಸುಧಾರಿಸಿದವರಿದ್ದಾರೆ. ಆದರೆ ಪೆಟ್ಟಾದ ದಿನ ನೋವಿಗೆ ಸ್ನಾಯು ಬಿಗಿದು ಕೂತಿರುತ್ತೆ, ಡಾಕ್ಟರ ಕೈಗೆ ಸಡಿಲ ಸಿಗದೆ ಹೋಗಬಹುದು. ಊತ ಇಳಿದ ಮೇಲೆ ಮತ್ತೊಮ್ಮೆ ಹೋಗಿ, ‘ಮೂಳೆ ಸರಿ ಸಾರ್, ಲಿಗಮೆಂಟ್ ಹೇಗಿದೆ?’ ಅಂತ ಬಾಯ್ಬಿಟ್ಟು ಕೇಳಬೇಕು.