ಚಳಿಯೂರಿನಲ್ಲಿ ಮೂರು ಫ್ಯಾನು

ದೇವರಮನೆ ಹತ್ತಿರದ ನಮ್ಮ ಮನೆಯಲ್ಲಿ ಇವತ್ತಿಗೂ ಸೀಲಿಂಗ್ ಫ್ಯಾನ್ ಇಲ್ಲ. ಮಳೆಗಾಲದಲ್ಲಿ ಕಾಲಭೈರವೇಶ್ವರನ ಗುಡಿಯೇ ಮಂಜಿನಲ್ಲಿ ಕಾಣೆಯಾಗುವ ಊರು ಇದು. ಕಂಬಳಿ ಹುಡುಕುವವರೇ ಎಲ್ಲ. ಹೀಗಿರುವಾಗ ಒಂಬತ್ತನೇ ಕ್ಲಾಸಿನ ಮೊಮ್ಮಗಳು ತಾನೇ ಜೋಡಿಸುವ ಕಂಪ್ಯೂಟರಿಗೆಂದು ಮೂರು ಫ್ಯಾನು ತರಿಸಿದಾಗ ನಕ್ಕುಬಿಟ್ಟೆ.

“ಈ ಚಳಿಗೆ ಫ್ಯಾನು ಯಾಕೆ ಪುಟ್ಟಿ?”

“ಚಳಿ ನಮಗೆ ಅಜ್ಜ, ಅದಕ್ಕಲ್ಲ.”

ಕಂಪ್ಯೂಟರಿನ ಅವಸರ ನನಗೇ ಹೆಚ್ಚಿತ್ತು. ಮಗನ ಮದುವೆಯ ವಿಡಿಯೊ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯತೊಡಗಿತ್ತು. ತೀರಿಹೋದ ನನ್ನವಳು ಓಡಾಡಿ ಮಾತಾಡುವುದು ಉಳಿದಿರುವುದು ಅದೊಂದರಲ್ಲೇ. ಅದು ಹಾಳಾಗುವ ಮೊದಲು ಕಂಪ್ಯೂಟರಿಗೆ ಇಳಿಸಬೇಕಿತ್ತು.

ಜೋಡಿಸಿದೆವು. ಶುರುವಿನಲ್ಲೇ ಪರದೆಯ ಮೇಲೆ ಸಿಪಿಯು ಫ್ಯಾನಿನ ಬಗ್ಗೆ ಏನೋ ಎಚ್ಚರಿಕೆ ಬಂತು. ಫ್ಯಾನು ತಿರುಗುತ್ತಿದೆಯಲ್ಲ ಎಂದು ಮುಂದೆ ಹೋದೆವು. ಧಾರೆಯ ಹೊತ್ತಿಗೆ ಕಂಪ್ಯೂಟರ್ ತಾನಾಗಿ ಆಫ್ ಆಯಿತು. ಮತ್ತೊಮ್ಮೆ ಓಡಿಸಿದರೂ ಹಾಗೇ. ಆಮೇಲೆ ಕ್ಯಾಸೆಟ್ ಮುಟ್ಟಲು ಧೈರ್ಯವಾಗಲಿಲ್ಲ.

ಮಕ್ಕಳೇ, ಉರಿಯುತ್ತಿರುವ 60 ವ್ಯಾಟಿನ ಹಳೇ ಬಲ್ಬು ಮುಟ್ಟಿ ಕೈ ಸುಟ್ಟುಕೊಂಡವರನ್ನು ನಿಮ್ಮ ಅಜ್ಜ-ಅಜ್ಜಿಯರಲ್ಲಿ ಕೇಳಿ. ವಿಡಿಯೊದಂಥ ಭಾರದ ಕೆಲಸದಲ್ಲಿ ಪ್ರೊಸೆಸರ್ ಎಂಬ ಪುಟ್ಟ ಬಿಲ್ಲೆ ಅಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚು, ಶಾಖ ಕಾರುತ್ತದೆ. 100 ಡಿಗ್ರಿ ಸೆಲ್ಸಿಯಸ್ ಹತ್ತಿರವಾದರೆ ಮೊದಲು ವೇಗ ತಗ್ಗಿಸುತ್ತದೆ. ಆದರೂ ತಣಿಯದಿದ್ದರೆ, ಸುಟ್ಟುಹೋಗದಿರಲೆಂದು ಕಂಪ್ಯೂಟರ್ ಆಫ್ ಆಗುತ್ತದೆ.

ಪ್ಲಗ್ ಕಿತ್ತು ಮುಚ್ಚಳ ತೆಗೆದೆವು. ಎರಡು ತಪ್ಪು ಸಿಕ್ಕವು.

ಒಂದು, ಪ್ರೊಸೆಸರಿನ ಫ್ಯಾನನ್ನು ‘ಸಿಪಿಯು ಫ್ಯಾನ್’ ಎಂದು ಬರೆದ ಜಾಗ ಬಿಟ್ಟು ಪೆಟ್ಟಿಗೆಯ ಫ್ಯಾನಿನ ಜಾಗಕ್ಕೆ ಸಿಕ್ಕಿಸಿದ್ದೆವು. ಈ ಫ್ಯಾನಿಗೆ ನಾಲ್ಕು ತಂತಿ. ಎರಡು 12 ವೋಲ್ಟ್ ಕರೆಂಟಿಗೆ, ಮೂರನೆಯದು ನಿಮಿಷಕ್ಕೆಷ್ಟು ಸುತ್ತು ಎಂದು ವರದಿ ಕೊಡಲು, ನಾಲ್ಕನೆಯದು ವೇಗದ ಅಪ್ಪಣೆ ಪಡೆಯಲು. ನಮ್ಮ ಬೋರ್ಡಿನಲ್ಲಿ ಆ ಜಾಗದ ಅಪ್ಪಣೆ ಹೊರಡುವುದು ಬೋರ್ಡಿನ ಬಿಸಿ ನೋಡಿ. ನಮ್ಮೂರ ಚಳಿಗೆ ಬೋರ್ಡು ತಣ್ಣಗೇ ಇತ್ತು. ಪ್ರೊಸೆಸರ್ ಕುದಿಯುತ್ತಿದ್ದರೂ ಫ್ಯಾನು ಸೋಮಾರಿಯಾಗಿ ತಿರುಗುತ್ತಿತ್ತು!

ಎರಡು, ಹಿಂದಿನ ಫ್ಯಾನು ತಿರುಗಾಮುರುಗಾ ಕೂತಿತ್ತು. ಸಾಮಾನ್ಯವಾಗಿ ಫ್ಯಾನಿನ ಗಾಳಿ ಹೊರಡುವುದು ಮೋಟಾರು ಹಿಡಿದಿರುವ ಅಡ್ಡಪಟ್ಟಿಗಳ ಬದಿಯಿಂದ. ಮುಂದಿನ ಫ್ಯಾನು ತಣ್ಣನೆ ಗಾಳಿ ಒಳಗೆಳೆಯಬೇಕು, ಹಿಂದಿನದು ಬಿಸಿಗಾಳಿ ಹೊರಗಟ್ಟಬೇಕು. ಬಾಗಿಲಿಂದ ಗಾಳಿ ಬಂದು ಹೊಗೆಗೂಡಿನಿಂದ ಹೊಗೆ ಹೋಗುವ ಅಡುಗೆಮನೆಯ ಹಾಗೆ. ನಮ್ಮದರಲ್ಲಿ ಎರಡೂ ಒಳಗೇ ಊದುತ್ತಿದ್ದವು. ಸರಿಮಾಡಿ, ಹಿಂದುಗಡೆ ತೆಳು ಕಾಗದದ ಚೂರು ಹಿಡಿದು ನೋಡಿದೆವು, ಹೊರಕ್ಕೆ ಹಾರಾಡಿತು.

ಇನ್ನೆರಡು ಮಾತು. ಒಂದೇ ಜಾಗಕ್ಕೆ ಕವಲು ತಂತಿ ಹಾಕಿ ಹಲವು ಫ್ಯಾನು ಸಿಕ್ಕಿಸಬೇಡಿ. ಸಾಮಾನ್ಯವಾಗಿ ಅದು ತಡೆಯುವುದು 1 ಆಂಪಿಯರ್ ಮಾತ್ರ. ಧೂಳು ಊದುವಾಗ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ, ಇಲ್ಲವಾದರೆ ಮಿತಿಮೀರಿ ತಿರುಗಿ ಹಾಳಾದೀತು.

ಮೂರನೇ ಸಲ ಕ್ಯಾಸೆಟ್ ಹಾಕಿದೆವು. ಪ್ರೊಸೆಸರಿನ ಬಿಸಿ 65 ಡಿಗ್ರಿ ದಾಟಲಿಲ್ಲ. ಧಾರೆ ಮುಗಿಯಿತು, ಪಂಕ್ತಿ ಎದ್ದಿತು. ಕೊನೆಗೆ ನನ್ನವಳು ಕ್ಯಾಮೆರಾದವನ ಕಡೆ ತಿರುಗಿ, “ನೀವೂ ಊಟ ಮಾಡ್ಕೊಂಡೇ ಹೋಗ್ಬೇಕು,” ಅಂದಳು.

ಅಜ್ಜಿಯ ದನಿಯನ್ನು ಮೊಮ್ಮಗಳು ಕೇಳಿದ್ದು ಅದೇ ಮೊದಲು.