ಅರಿವಳಿಕೆ ಕೋವಿಯ ಗುರಿ ಹೊಂದಿಕೆ

ಮುಂಬಯಿಯ ಬೊರಿವಲಿ ರೈಲು ನಿಲ್ದಾಣದ ಪೂರ್ವಕ್ಕೆ, ಅಲ್ಪ ದೂರದಲ್ಲಿಯೇ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಪ್ರವೇಶದ್ವಾರವಿದೆ. ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಈ ಅರಣ್ಯದ ಅಂಚಿನವರೆಗೂ ಮಹಾನಗರವು ಬೆಳೆದು ನಿಂತಿದೆ. ಇಲ್ಲಿನ ಚಿರತೆಗಳು ಬೀದಿನಾಯಿಗಳನ್ನು ಅರಸಿ ಜನವಸತಿಯತ್ತ ಬರುವುದುಂಟು. ಹಾಗೆ ಬಂದ ಪ್ರಾಣಿಯು ಕಟ್ಟಡದೊಳಗೆ ಸಿಲುಕಿಕೊಂಡಾಗ ಅದನ್ನು ಜೀವಸಹಿತ ಹಿಡಿಯಲು ಅರಣ್ಯ ಇಲಾಖೆಯು ಬಳಸುವ ಸಾಧನಗಳಲ್ಲಿ ಅರಿವಳಿಕೆ ಕೋವಿಯು ಮುಖ್ಯವಾದುದು. ಇದರಿಂದ ಹೊರಡುವುದು ಗುಂಡಲ್ಲ. ಔಷಧಿ ತುಂಬಿದ ಸಿರಿಂಜು. ಇದನ್ನು ಡಾರ್ಟ್ ಎನ್ನುತ್ತಾರೆ.

ಹೊಂದಿಕೆ ಏಕೆ ಅಗತ್ಯ?

ಕೆಲವು ರೈಫಲ್‌ಗಳಲ್ಲಿ ಹಿನ್ನೂಕನ್ನು ತಗ್ಗಿಸಲು ನಳಿಗೆಯ ತುದಿಗೆ ಮಝಲ್ ಬ್ರೇಕ್ ಎಂಬ ರಂಧ್ರಯುಕ್ತ ಲೋಹದ ಭಾಗವನ್ನು ಜೋಡಿಸಲಾಗುತ್ತದೆ. ಅದು ನಳಿಗೆಯೊಡನೆ ನೇರವಾಗಿ ಕೂಡದಿದ್ದಲ್ಲಿ ಗುಂಡು ಅದಕ್ಕೆ ತಗುಲಿ ದಾರಿ ತಪ್ಪಬಹುದು. ಅರಿವಳಿಕೆ ಕೋವಿಗೆ ಇಂತಹ ಭಾಗದ ಅಗತ್ಯವಿಲ್ಲ. ಆದರೆ ಇಲ್ಲಿ ಹೊಂದಿಸಬೇಕಾದವು ಮೂರು: ಗುರಿನೋಟ, ಅನಿಲದ ಒತ್ತಡ ಮತ್ತು ದೂರ.

ಇಂತಹ ಅನೇಕ ಕೋವಿಗಳಲ್ಲಿ ಡಾರ್ಟನ್ನು ತಳ್ಳುವುದು ಇಂಗಾಲದ ಡೈಆಕ್ಸೈಡ್ ಅನಿಲ. ಡಾರ್ಟು ಗುಂಡಿಗಿಂತ ಬಹಳ ನಿಧಾನವಾಗಿ ಚಲಿಸುವುದರಿಂದ ದೂರ ಹೆಚ್ಚಿದಂತೆ ಕೆಳಕ್ಕೆ ಬಾಗುತ್ತದೆ. ಆದುದರಿಂದ ದೂರವನ್ನು ಅಳೆದು, ಒತ್ತಡಮಾಪಕವನ್ನು ನೋಡಿ, ಅದಕ್ಕೆ ತಕ್ಕ ಒತ್ತಡವನ್ನು ನಿಗದಿಪಡಿಸಬೇಕು. ಒತ್ತಡ ಕಡಿಮೆಯಾದರೆ ಡಾರ್ಟು ಗುರಿ ಮುಟ್ಟದು. ಹತ್ತಿರದಿಂದ ಅತಿ ಒತ್ತಡದಲ್ಲಿ ಹಾರಿಸಿದರೆ ಅದು ಮಾಂಸವನ್ನು ಸೀಳಿ ಮೂಳೆಯನ್ನೂ ಮುರಿಯಬಲ್ಲದು. ಈ ಕಾರಣದಿಂದಲೇ ಸಿಬ್ಬಂದಿಯು ನೀರು ತುಂಬಿದ ಡಾರ್ಟುಗಳನ್ನು ಬೇರೆ ಬೇರೆ ದೂರಗಳಿಂದ ಹಾರಿಸಿ, ಗುರಿನೋಟವನ್ನು ಮುಂಚಿತವಾಗಿಯೇ ಸರಿಪಡಿಸಿಕೊಂಡಿರಬೇಕು.

ಡಾರ್ಟು ತಗುಲಿದ ನಂತರ

ತೊಡೆ ಅಥವಾ ಭುಜದ ದಪ್ಪ ಸ್ನಾಯುವೇ ಗುರಿ. ತಲೆ, ಎದೆ, ಹೊಟ್ಟೆಗಳಿಗೆ ತಗುಲಿದರೆ ಅಪಾಯ. ಸೂಜಿಯು ಚರ್ಮವನ್ನು ಹೊಕ್ಕೊಡನೆ ಅದರ ಪಕ್ಕದ ರಂಧ್ರವನ್ನು ಮುಚ್ಚಿದ್ದ ಪುಟ್ಟ ಕೊಳವೆ ಹಿಂದಕ್ಕೆ ಸರಿದು, ಒಳಗಿನ ಒತ್ತಡದಿಂದ ಔಷಧಿಯು ಸ್ನಾಯುವನ್ನು ಸೇರುತ್ತದೆ. ಚಿರತೆಗೆ ಸಾಮಾನ್ಯವಾಗಿ ಕೆಟಮಿನ್ ಮತ್ತು ಜೈಲಜಿನ್‌ಗಳ ಮಿಶ್ರಣವನ್ನು ಪಶುವೈದ್ಯರು ಪ್ರಾಣಿಯ ತೂಕವನ್ನು ಅಂದಾಜಿಸಿ ಕೊಡುತ್ತಾರೆ.

ಚಲನಚಿತ್ರಗಳಲ್ಲಿ ಕಾಣುವಂತೆ ಪ್ರಾಣಿಯು ಕ್ಷಣಾರ್ಧದಲ್ಲಿ ಕುಸಿಯುವುದಿಲ್ಲ. ಔಷಧಿಯು ಪೂರ್ಣ ಪರಿಣಾಮ ಬೀರಲು ಹಲವು ನಿಮಿಷಗಳು ಬೇಕು. ಬೆದರಿ ಓಡಿದ ಪ್ರಾಣಿಗೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಅತ್ಯಂತ ಅಪಾಯಕಾರಿ ಅವಧಿ ಇದೇ. 2016ರ ಫೆಬ್ರುವರಿ 7ರಂದು ಬೆಂಗಳೂರಿನ ವೈಟ್‌ಫೀಲ್ಡ್ ಸಮೀಪದ ಶಾಲೆಯೊಂದನ್ನು ಹೊಕ್ಕ ಚಿರತೆಯನ್ನು ದಿನವಿಡೀ ನಡೆದ ಕಾರ್ಯಾಚರಣೆಯ ಬಳಿಕವೇ ಅರಿವಳಿಕೆ ನೀಡಿ ಹಿಡಿಯಲಾಯಿತು. ಅಷ್ಟರಲ್ಲಿ ವನ್ಯಜೀವಿ ತಜ್ಞರೊಬ್ಬರೂ ಸೇರಿದಂತೆ ಹಲವರು ಗಾಯಗೊಂಡಿದ್ದರು.

ಸಾರ್ವಜನಿಕರ ಹೊಣೆ

1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಚಿರತೆಯು ಸೇರಿದೆ. ಮುಖ್ಯ ವನ್ಯಜೀವಿ ಪಾಲಕರ ಅನುಮತಿಯಿಲ್ಲದೆ ಅದನ್ನು ಹಿಡಿಯುವಂತಿಲ್ಲ. ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯವು 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಜನಸಂದಣಿಯ ನಿಯಂತ್ರಣಕ್ಕೆ ವಿಶೇಷ ಮಹತ್ವ ನೀಡಿದೆ.

ಚಿರತೆ ಕಂಡಲ್ಲಿ ಅದಕ್ಕೆ ಹೊರಹೋಗುವ ದಾರಿಯನ್ನು ತೆರವಾಗಿಡಬೇಕು. ಮಕ್ಕಳನ್ನು ಮನೆಯೊಳಗೆ ಕರೆದುಕೊಳ್ಳಬೇಕು. ಅರಣ್ಯ ಇಲಾಖೆಗೆ ಅಥವಾ ಪೊಲೀಸರಿಗೆ ತಿಳಿಸಬೇಕು. ಕಲ್ಲೆಸೆಯುವುದು, ಕೂಗುವುದು, ಛಾಯಾಚಿತ್ರಕ್ಕಾಗಿ ಸಮೀಪಿಸುವುದು ಸಲ್ಲದು. ಕೋವಿಯ ಹೊಂದಿಕೆ ಎಷ್ಟೇ ಕರಾರುವಾಕ್ಕಾಗಿದ್ದರೂ, ಗದ್ದಲಕ್ಕೆ ಬೆದರಿ ಅತ್ತಿತ್ತ ಧಾವಿಸುವ ಪ್ರಾಣಿಗೆ ಗುರಿಯಿಡುವುದು ದುಸ್ಸಾಧ್ಯ. ಜನರು ದೂರ ಸರಿದು ಮೌನವಾಗಿ ನಿಂತರೆ ಡಾರ್ಟು ಗುರಿ ಮುಟ್ಟುತ್ತದೆ, ಮನುಷ್ಯನ ಜೀವವೂ ಚಿರತೆಯ ಜೀವವೂ ಉಳಿಯುತ್ತವೆ.