ಶಾಲೆಗೆ ಗಂಡನ ಹೆಸರು, ಕಲಿಸಿದವಳ ಹೆಸರೆಲ್ಲಿ? ಮುಸ್ಲಿಂ ಹೆಣ್ಣುಮಕ್ಕಳ ಅಕ್ಷರದ ಕತೆ

ಬೇಗೂರು: ಇಲ್ಲಿನ ನಾಗೇಶ್ವರ ದೇವಸ್ಥಾನದ ಶಾಸನದಲ್ಲಿ ಕೆತ್ತಿದ್ದರಿಂದಲೇ ‘ಬೆಂಗಳೂರು’ ಅನ್ನೋ ಹೆಸರಿಗೆ ಸುಮಾರು 1,100 ವರ್ಷದ ಇತಿಹಾಸವಿದೆ ಅಂತ ಗೊತ್ತಾಯ್ತು. ಮುಸ್ಲಿಂ ಹೆಣ್ಣುಮಕ್ಕಳು ಶಿಕ್ಷಣಕ್ಕೆ ಮಾಡಿದ ಕೆಲಸವನ್ನ ಹಾಗೆ ಬರೆದಿಟ್ಟವರು ಕಡಿಮೆ. ಹಾಗಾಗಿ ಇದ್ದ ದಾಖಲೆಗೂ ಈಗ ಜಗಳ.

ಫಾತಿಮಾ ಶೇಖ್ ವಿಷಯವನ್ನೇ ನೋಡಿ. ಜನವರಿ 9 ಬಂದರೆ ಅವರ ಹುಟ್ಟುಹಬ್ಬ ಅಂತ ವಾಟ್ಸಾಪಿನಲ್ಲಿ ಮೆಸೇಜು ಓಡಾಡುತ್ತೆ. 2025ರ ಜನವರಿಯಲ್ಲಿ ‘ಅಂಥ ಹೆಂಗಸೇ ಇರಲಿಲ್ಲ’ ಅನ್ನೋ ವಾದವೂ ಎದ್ದಿತು. ಎರಡನ್ನೂ ಹಾಗೇ ನಂಬೋ ಹಾಗಿಲ್ಲ. ಹುಟ್ಟಿದ ತಾರೀಖಿಗೆ ಗಟ್ಟಿ ಆಧಾರ ಇಲ್ಲ, ನಿಜ. ಆದರೆ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ ಸಾವಿತ್ರಿಬಾಯಿ ಫುಲೆ 1856ರ ಅಕ್ಟೋಬರ್ 10ರಂದು ಜ್ಯೋತಿಬಾ ಅವರಿಗೆ ಬರೆದ ಪತ್ರದಲ್ಲಿ ಫಾತಿಮಾ ಹೆಸರಿದೆ. ಸಾವಿತ್ರಿಬಾಯಿ ಆಗ ಕಾಯಿಲೆಯಿಂದ ತವರಿನಲ್ಲಿದ್ದರು. ತಾನಿಲ್ಲದೆ ಫಾತಿಮಾಗೆ ಕೆಲಸ ಜಾಸ್ತಿಯಾಗಿರುತ್ತೆ, ಆದರೂ ಅವಳು ಗೊಣಗುವವಳಲ್ಲ ಅನ್ನೋ ಅರ್ಥದ ಮಾತು ಅದರಲ್ಲಿದೆ. ಈ ಪತ್ರ ಇರುವ ಮರಾಠಿ ಸಂಪುಟ ವಾಟ್ಸಾಪ್ ಹುಟ್ಟೋಕೆ ಎಷ್ಟೋ ವರ್ಷ ಮೊದಲೇ, 1988ರಲ್ಲೇ ಅಚ್ಚಾಗಿದೆ.

ಬಂಗಾಳದ ಬೇಗಂ ರೊಕೆಯಾ ಕತೆಗೆ ದಾಖಲೆ ಬೇಕಾದಷ್ಟಿದೆ. ಗಂಡ ತೀರಿಕೊಂಡ ಕೆಲವೇ ತಿಂಗಳಲ್ಲಿ, 1909ರಲ್ಲಿ, ಭಾಗಲ್ಪುರದಲ್ಲಿ ಐದು ಹುಡುಗಿಯರನ್ನ ಇಟ್ಟುಕೊಂಡು ಶಾಲೆ ತೆಗೆದರು. ಅದು ಅಲ್ಲಿ ನಡೆಯಲಿಲ್ಲ. 1911ರಲ್ಲಿ ಕಲ್ಕತ್ತಾಗೆ ಬಂದು ಎಂಟು ಹುಡುಗಿಯರೊಂದಿಗೆ ಮತ್ತೆ ಶುರು ಮಾಡಿದರು. ಮನೆ ಮನೆಗೆ ಹೋಗಿ ‘ಮಗಳನ್ನ ಕಳಿಸಿ’ ಅಂತ ಕೇಳಿದರು. ಶಾಲೆಗೆ ಮಾತ್ರ ತಮ್ಮ ಹೆಸರಿಡಲಿಲ್ಲ, ಗಂಡನ ಹೆಸರಿಟ್ಟರು: ಸಖಾವತ್ ಮೆಮೋರಿಯಲ್.

ಅವರಿಗೆ ದೊಡ್ಡ ತಲೆನೋವಾಗಿದ್ದು ಬಸ್ಸು. ಪರ್ದಾ ಇರಬೇಕು ಅಂತ ನಾಲ್ಕೂ ಕಡೆ ಮುಚ್ಚಿದ ಗಾಡಿ ಮಾಡಿಸಿದರೆ, ಗಾಳಿ ಬೆಳಕಿಲ್ಲದೆ ಮಕ್ಕಳು ತಲೆಸುತ್ತಿ ಬಿದ್ದರು. ಕಿಟಕಿಗೆ ಬರೀ ಪರದೆ ಹಾಕಿಸಿದರೆ, ಗಾಳಿಗೆ ಪರದೆ ಹಾರುತ್ತೆ ಅಂತ ಬೈಗುಳದ ಪತ್ರಗಳು ಬಂದವು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ನೂರು ವರ್ಷದ ಹಿಂದಿನ ಮಾತು ಅಂತ ನಗಬೇಡಿ. 2023ರ ಜೂನ್ 11ರಿಂದ ನಮ್ಮ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆದರೂ ‘ಕಾಲೇಜು ಅಷ್ಟು ದೂರ, ಬರೋದು ಲೇಟಾಗುತ್ತೆ, ಪಿಯುಸಿಗೆ ಸಾಕು’ ಅನ್ನೋ ಮಾತು ಬೇಗೂರು ರೋಡಿನ ಮನೆ, ಅಂಗಡಿಗಳಿಗೆ ಹೊಸದಲ್ಲ. ಅದು ಒಂದು ಧರ್ಮದ ಮನೆಗಳ ಮಾತೂ ಅಲ್ಲ.

ಕನ್ನಡದಲ್ಲೇ ಹುಡುಕಿದರೆ ಮೊದಲು ಸಿಗೋದು ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿದವರು. ಆ ಕಡೆಯ ಮುಸ್ಲಿಂ ಸಮುದಾಯದಲ್ಲಿ ಶಾಲೆ ಕಲಿತ ಮೊದಲ ಹುಡುಗಿಯರಲ್ಲಿ ಒಬ್ಬರು. ಮುಂದೆ ಓದೋ ಆಸೆ ಇತ್ತು, ಸಮಾಜ ಬಿಡಲಿಲ್ಲ. ಲೈಬ್ರರಿ ಸದಸ್ಯತ್ವ ಸಿಕ್ಕಿದ್ದೇ 1963ರಲ್ಲಿ ಅಂತ ಅವರೇ ಹೇಳಿಕೊಂಡಿದ್ದರು. ಮದುವೆಯಾಗಿ, ಮಕ್ಕಳಾಗಿ, ನಲವತ್ತು ದಾಟಿದ ಮೇಲೆ ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ತಲಾಖ್‌ಗೆ ಸಿಕ್ಕ ಹೆಣ್ಣಿನ ಕತೆ ಅದು. 2023ರ ಜನವರಿಯಲ್ಲಿ ತೀರಿಕೊಂಡರು. ಅವರನ್ನ ಕಾದಂಬರಿಕಾರ್ತಿ ಅಂತ ಎಲ್ಲರೂ ನೆನೆದರು. ಓದಿದ ಹುಡುಗಿ ಅಂತ ನೆನೆದವರು ಕಮ್ಮಿ.

ಬಾನು ಮುಷ್ತಾಕ್ ಅವರದ್ದೂ ಶಾಲೆಯ ಬಾಗಿಲಲ್ಲೇ ಶುರುವಾದ ಕತೆ. ಹಾಸನದಲ್ಲಿ 1948ರಲ್ಲಿ ಹುಟ್ಟಿದವರು. ಎಂಟನೇ ವಯಸ್ಸಿಗೆ ಶಿವಮೊಗ್ಗದ ಕನ್ನಡ ಮಿಷನರಿ ಶಾಲೆಗೆ ಸೇರಿಸುವಾಗ ಒಂದು ಷರತ್ತು: ಆರು ತಿಂಗಳಲ್ಲಿ ಕನ್ನಡ ಓದೋಕೆ ಬರೆಯೋಕೆ ಬರಬೇಕು. ಕೆಲವೇ ದಿನದಲ್ಲಿ ಬರೆಯತೊಡಗಿದರು. ಅದೇ ಕನ್ನಡಕ್ಕೆ 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಬಂದ ಮೊದಲ ಬೂಕರ್ ಅದು.

ಇವರೆಲ್ಲ ಹೆಸರು ಉಳಿದವರು. ಉಳಿಯದವರು ನಮ್ಮ ಗಲ್ಲಿಗಳಲ್ಲೇ ಇದ್ದಾರೆ. ಮನೆಯಲ್ಲೇ ಚಾಪೆ ಹಾಸಿ, ಓಣಿಯ ಮಕ್ಕಳಿಗೆ ಕುರ್‌ಆನ್ ಜೊತೆಗೆ ಉರ್ದು ಅಕ್ಷರ ಹೇಳಿಕೊಡೋ ‘ಆಪಾ’ಗಳು. ಅವರಿಗೆ ನೇಮಕದ ಆರ್ಡರಿಲ್ಲ, ಸಂಬಳದ ಚೀಟಿ ಇಲ್ಲ. ಇನ್ನು ಉರ್ದುವಿನಲ್ಲಿ ಬರೆದಿದ್ದನ್ನ ಕನ್ನಡ ಓದುಗರು ನೋಡಲ್ಲ, ಕನ್ನಡದ್ದು ಉರ್ದು ಮನೆಗಳಿಗೆ ಮುಟ್ಟಲ್ಲ.

ಬೇಗೂರು, ಹೊಂಗಸಂದ್ರ, ಬೊಮ್ಮನಹಳ್ಳಿ ಕಡೆ ಮನೆಯಲ್ಲಿ ನಾನಿ, ದಾದಿ, ಅಜ್ಜಿ ಇದ್ದರೆ ಒಂದು ಮಾತು ಕೇಳಿ ನೋಡಿ: ಎಷ್ಟನೇ ಕ್ಲಾಸಿನವರೆಗೆ ಓದಿದ್ರಿ, ಯಾರು ಕಲಿಸಿದ್ರು, ಬಿಡಿಸಿದ್ದು ಯಾರು? ಫೋನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹಳೇ ಟಿಸಿ, ಮಾರ್ಕ್ಸ್ ಕಾರ್ಡ್, ಕ್ಲಾಸಿನ ಗ್ರೂಪ್ ಫೋಟೊ ಟ್ರಂಕಿನಲ್ಲಿದ್ದರೆ ಗುಜರಿಗೆ ಹಾಕೋ ಮುಂಚೆ ಫೋಟೊದ ಹಿಂದೆ ಪೆನ್ಸಿಲಲ್ಲಿ ಹೆಸರು ಬರೆಯಿರಿ. ಟೀಚರ್ ಹೆಸರನ್ನೂ ಸೇರಿಸಿ.